ಬಂಡೆಗೇರಿದ ಒಕ್ಕಣೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಒಂದು ಬಂಡೆಯನ್ನು ಸುತ್ತಲಿನ ಜನ ‘ಅಕ್ಷರ ಗುಂಡು’ ಎಂದೇ ಕರೆಯುತ್ತಿದ್ದರು. ಅಕ್ಷರ ಯಾವುದು, ಬರೆಸಿದವರು ಯಾರು ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಇದನ್ನೂ ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬರಹಗಳನ್ನೂ ಬೆಳಕಿಗೆ ತಂದರು. ಮೂರೂ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನಗಳು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ.

ಶಾಸನವೆಂದರೆ ದಾನ, ದತ್ತಿ, ಬಿರುದುಗಳ ಪಟ್ಟಿ ಎಂದು ನಾವು ಎಣಿಸುತ್ತೇವೆ. ಅಕ್ಷರ ಗುಂಡು ಹಾಗೆ ಶುರುವಾಗುವುದಿಲ್ಲ. ಸುವರ್ಣಗಿರಿಯಿಂದ ಆರ್ಯಪುತ್ರನೂ ಅಲ್ಲಿನ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯ ಕೋರುತ್ತಾರೆ. ಆ ಬಳಿಕವೇ ದೊರೆಯ ಮಾತು. ಅಂದರೆ ಇದು ಕಾಗದದ ಒಕ್ಕಣೆ! ‘ಕ್ಷೇಮ, ಉಭಯ ಕುಶಲೋಪರಿ’ ಎಂದು ನಮ್ಮ ಹಿರಿಯರು ಬರೆಯುತ್ತಿದ್ದ ಪದ್ಧತಿಯ ದೂರದ ನೆಂಟ.

ಒಕ್ಕಣೆ ಇದ್ದದ್ದು ಅಧಿಕಾರಿಗಳಿಗೆ. ಕಲ್ಲಿಗೆ ಬೇಕಿದ್ದದ್ದು ದೊರೆಯ ಮಾತು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬರಹ ನೇರವಾಗಿ ದೊರೆಯ ಹೆಸರಿನಿಂದಲೇ ತೊಡಗುತ್ತದೆ. ಇಲ್ಲಿ ಯಾರೋ ಬಂದ ಕಾಗದವನ್ನು ಇದ್ದಂತೆಯೇ ಕೆತ್ತಿಸಿಬಿಟ್ಟಿರಬೇಕು. ಗುಮಾಸ್ತಗಿರಿಯ ಲೆಕ್ಕದಲ್ಲಿ ಅದು ಎಡವಟ್ಟು. ಆದರೆ ಆ ಎಡವಟ್ಟು ನಡೆಯದಿದ್ದರೆ ಈ ಸೀಮೆಯಲ್ಲಿ ಇಸಿಲ ಎಂಬ ಆಡಳಿತ ಕೇಂದ್ರವಿತ್ತೆಂದು, ಅದಕ್ಕೆ ಆಜ್ಞೆ ಸುವರ್ಣಗಿರಿಯ ಮೂಲಕ ಬರುತ್ತಿತ್ತೆಂದು ಈ ಬಂಡೆಗಳು ಹೇಳುತ್ತಲೇ ಇರಲಿಲ್ಲ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಉತ್ಖನನ ನಡೆಸಿ ಹಳೆಯ ವಸತಿಯನ್ನೂ ಬೃಹತ್ ಶಿಲಾ ಸಮಾಧಿಗಳನ್ನೂ ತೋರಿಸಿದರು. ಆದರೆ ಊರಿನ ಹೆಸರು ಮಣ್ಣಿನಲ್ಲಿ ಸಿಗುವಂಥದಲ್ಲ.

ಒಕ್ಕಣೆ ಮುಗಿದ ಮೇಲೆ ಬರಹದ ಬಗೆ ಬದಲಾಗುತ್ತದೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲು ಹೆಚ್ಚು ಶ್ರಮ ಪಡಲಿಲ್ಲ ಎಂದು ದೊರೆ ಒಪ್ಪಿಕೊಳ್ಳುತ್ತಾನೆ; ಅದು ಆತ್ಮಕಥೆಯ ಧಾಟಿ. ಮುಂದೆ ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ನೀತಿಪಾಠ. ಕೊನೆಯಲ್ಲಿ ಬರೆದವನ ರುಜು. ಅವನು ಚಪಡ. ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಆತ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಆ ಲಿಪಿ ದೂರದ ವಾಯವ್ಯ ಭಾರತದ್ದು. ಇಷ್ಟು ದೂರ ಬಂದವನಿಗೆ ಜಂಬವಿದ್ದರೆ ತಪ್ಪೇನು?

ಒಂದೇ ಕಲ್ಲಿನ ಮೇಲೆ ಕಾಗದ, ಒಪ್ಪಿಗೆ, ನೀತಿ, ರುಜು. ಎಲ್ಲವನ್ನೂ ‘ಧರ್ಮಾಜ್ಞೆ’ ಎಂದು ಒಂದೇ ಗಂಟು ಕಟ್ಟಿದರೆ ಒಕ್ಕಣೆಯ ಇಸಿಲವೂ ರುಜುವಿನ ಚಪಡನೂ ಕೈತಪ್ಪುತ್ತಾರೆ.

ಬರಹವೇ ಇಲ್ಲದ ಸಾಹಿತ್ಯಕ್ಕೂ ಇದೇ ಅಪಾಯ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲರ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರು ಹಾಡಿದ್ದನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದರು. ಇಂಥ ಹಾಡನ್ನು ಪುಸ್ತಕಕ್ಕೆ ಇಳಿಸುವಾಗ ದೇವರ ಸ್ತುತಿ, ಸೊಲ್ಲಿನ ಪುನರಾವರ್ತನೆಗಳು ಕಥೆಗೆ ಬೇಡದ ಭಾಗಗಳಂತೆ ಕಾಣುತ್ತವೆ. ಕತ್ತರಿ ಮೊದಲು ಬೀಳುವುದು ಅಲ್ಲಿಯೇ. ಹಾಡು ಯಾವ ದೇವರ ಮುಂದೆ, ಯಾರ ಜೊತೆ ಕೂತು ಹೇಳಿದ್ದು ಎಂದು ತಿಳಿಸುವುದೂ ಅವೇ.

ಜಟಿಂಗ ರಾಮೇಶ್ವರದಲ್ಲಿ ಈಗ ಬರಹ ಬಹುಪಾಲು ಸವೆದಿದೆ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಆ ಬಂಡೆಗೆ ‘ಬಳೆಗಾರ ಗುಂಡು’ ಎಂದು ಹೆಸರು.