ಕೊರೆಯುವ ಪೈಪಿನಲ್ಲಿ ಧ್ವನಿಸಂಕೇತ

ಬಾವಿಯ ತಳದಲ್ಲಿ ತೆಗೆದ ಒತ್ತಡ, ಉಷ್ಣತೆ, ವಾಲಿಕೆ ಮುಂತಾದ ಅಳತೆಗಳನ್ನು ಉಕ್ಕಿನ ಪೈಪಿನ ಕಂಪನವಾಗಿಸಿ ಮೇಲಕ್ಕೆ ಕಳಿಸುವ ವಿಧಾನ. ಇದು ತೈಲಬಾವಿಗಳಲ್ಲಿ ಬೆಳೆದ ತಂತ್ರ. ಆದರೆ ಪೈಪಿನ ಸದ್ದಿನಲ್ಲೇ ಆಳದ ಸುದ್ದಿ ಹಿಡಿಯುವುದು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆ ಬೋರ್ ಹೊಡೆಯುವವರಿಗೂ ರೂಢಿಯ ವಿದ್ಯೆ.

ಅಮೆರಿಕದ ಸನ್ ಆಯಿಲ್ ಕಂಪನಿ 1940ರ ದಶಕದಲ್ಲೇ ಇದನ್ನು ಪರೀಕ್ಷಿಸಿತ್ತು. ಉಕ್ಕಿನ ಪೈಪಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 5 ಕಿ.ಮೀ. ಓಡುತ್ತದೆ, ಓಟಕ್ಕೆ ಕೊರತೆಯಿಲ್ಲ, ತೊಡಕಿರುವುದು ಜೋಡಣೆಯಲ್ಲಿ. ಸುಮಾರು 9 ಮೀಟರಿಗೊಂದು ದಪ್ಪ ಜೋಡು ಬರುತ್ತದೆ. ಪ್ರತಿ ಜೋಡೂ ಅಲೆಯ ಒಂದು ಪಾಲನ್ನು ಹಿಂದಕ್ಕೆ ತಳ್ಳುವುದರಿಂದ ಕೆಲವು ಕಂಪನಾಂಕಗಳು ಸಲೀಸಾಗಿ ದಾಟುತ್ತವೆ, ಕೆಲವು ದಾರಿಯಲ್ಲೇ ಸಾಯುತ್ತವೆ. ಯಾವ ಕಂಪನಾಂಕಗಳಿಗೆ ದಾರಿ ತೆರೆದಿರುತ್ತದೆ ಎಂಬ ಈ ಕಿಂಡಿಗಳ ಲೆಕ್ಕವನ್ನು ಸಂಶೋಧಕರಾದ ಬಾರ್ನ್ಸ್ ಮತ್ತು ಕರ್ಕ್‌ವುಡ್ 1972ರಲ್ಲಿ ಕೊಟ್ಟರು. ಸ್ಯಾಂಡಿಯಾ ಪ್ರಯೋಗಾಲಯದ ಡಗ್ಲಾಸ್ ಡ್ರಮ್‌ಹೆಲರ್ 1989ರಲ್ಲಿ ಅದನ್ನು ಇನ್ನಷ್ಟು ಬಿಡಿಸಿದರು. ಅಷ್ಟರಲ್ಲಿ, ಕೊರೆಯುವಾಗ ಬಾವಿಯಲ್ಲಿ ಹರಿಸುವ ಕೆಸರು ದ್ರವದ ಒತ್ತಡವನ್ನು ಏರಿಳಿಸಿ ಸಂಕೇತ ಕಳಿಸುವ ವಿಧಾನ 1970ರ ದಶಕದ ಕೊನೆಗೇ ಮಾರುಕಟ್ಟೆಗೆ ಬಂದಿತ್ತು. ನಿಧಾನವಾದರೂ ನಂಬಿಕೆಯದು. ಗಾಳಿಯಿಂದ ಕೊರೆಯುವಲ್ಲಿ ಮಾತ್ರ ಅದು ನಡೆಯದು. ಗಾಳಿ ಅದುಮಿಕೊಳ್ಳುತ್ತದೆ, ಮಿಡಿತ ಕರಗಿಹೋಗುತ್ತದೆ. ಅಲ್ಲಿ ಪೈಪಿನ ಕಂಪನ ನೆರವಿಗೆ ಬರುತ್ತದೆ.

ಕಲಬುರಗಿಯ ಈ ತಾಲ್ಲೂಕುಗಳ ಬೋರ್‌ಗಳೂ ಹೆಚ್ಚಾಗಿ ಗಾಳಿಯಿಂದ ಕೊರೆದವೇ. 1967ರಲ್ಲಿ ಬರಪರಿಹಾರಕ್ಕೆಂದು ಯುನಿಸೆಫ್ ಭಾರತಕ್ಕೆ ತಂದ ಗಾಳಿಹ್ಯಾಮರ್ ರಿಗ್ಗುಗಳ ಪೀಳಿಗೆಯೇ ಮುಂದೆ ತಮಿಳುನಾಡಿನ ತಿರುಚೆಂಗೋಡಿನ ಲಾರಿಗಳ ಮೇಲೇರಿ ಊರೂರು ತಿರುಗಿತು. ಆಳಂದ, ಅಫಜಲಪುರದ ಎರೆ ಹೊಲದ ಕೆಳಗಿರುವುದು ದಖ್ಖನ್ ಲಾವಾದ ಕರಿಕಲ್ಲು, ಪದರದ ಮೇಲೆ ಪದರ. ಗಟ್ಟಿ ಕಲ್ಲಿನಲ್ಲಿ ಹ್ಯಾಮರ್ ಪೆಟ್ಟು ಪೈಪಿನಲ್ಲಿ ಕಣಕಣ ಎನ್ನುತ್ತದೆ, ಬೂದಿಬಣ್ಣದ ಪುಡಿ ಹಾರುತ್ತದೆ. ಎರಡು ಲಾವಾ ಪದರಗಳ ನಡುವಿನ ಕೆಂಪು ಜೇಡಿ ಸಿಕ್ಕಿದ ಕೂಡಲೇ ಸದ್ದು ಮಂಕಾಗಿ ಪುಡಿಯೂ ಕೆಂಪಾಗುತ್ತದೆ. ಜೇವರ್ಗಿ ಕಡೆ ಭೀಮಾ ಕಣಿವೆಯ ಸುಣ್ಣಕಲ್ಲು, ಅಂದರೆ ಫರಸಿ, ಬಂದರೆ ನಾದವೇ ಬೇರೆ. ಪುಡಿ ಹಸಿಯಾಗಿ ಉಂಡೆಗಟ್ಟಿತೆಂದರೆ, ನೀರಿನ ಸುಳಿವೆಂದು, ಹೊಲದ ಬದುವಿನಲ್ಲಿ ಕೂತವರೆಲ್ಲ ಎದ್ದು ನಿಲ್ಲುತ್ತಾರೆ.

ತೈಲಬಾವಿಯಲ್ಲಿ ಕಲ್ಲು ಕೊರೆಯುವ ತುದಿಯ, ಅಂದರೆ ಬಿಟ್ಟಿನ, ಗದ್ದಲ ಸಂಕೇತವನ್ನು ಕೆಡಿಸುವ ಪೀಡೆ. ಬೋರ್‌ನಲ್ಲಿ ಆ ಗದ್ದಲವೇ ಸಂಕೇತ. ಬಿಟ್ಟಿನ ಸದ್ದನ್ನೇ ಭೂಸಮೀಕ್ಷೆಗೆ ದುಡಿಸಿಕೊಳ್ಳುವ ಪ್ರಯತ್ನ ತೈಲರಂಗದಲ್ಲೂ 1980ರ ದಶಕದಲ್ಲಿ ನಡೆಯಿತು. ಕೆನಡಾದ ಎಕ್ಸಾಕ್ಟ್ ಕಂಪನಿ ಈ ಶತಮಾನದಲ್ಲಿ ಧ್ವನಿಸಂಕೇತದ ಸಾಧನವನ್ನು ವಾಣಿಜ್ಯ ಬಳಕೆಗೆ ತಂದಿತು. ನೆಟ್ಟಗೆ ಇಳಿದು ಒಂದೇ ದಿನದಲ್ಲಿ ಮುಗಿಯುವ ಬೋರ್‌ಗೆ ಅಂಥ ಸಾಧನದ ಖರ್ಚು ಹೊಂದುವುದಿಲ್ಲ. ಅಲ್ಲಿ ಆಪರೇಟರನ ಕಿವಿಯೂ ಲೀವರಿನ ಮೇಲಿಟ್ಟ ಅಂಗೈಯೂ ಆ ಕೆಲಸ ಮಾಡುತ್ತವೆ.