ಕುಕವಿನಿಂದೆಯಿಂದ ಅಣಕವಾಡಿನವರೆಗೆ

ಕೆಟ್ಟ ಕವಿಗಳನ್ನು ಝಾಡಿಸುವ ಚಪಲ ಕನ್ನಡಕ್ಕೆ ಹುಟ್ಟುಗುಣ. 9ನೇ ಶತಮಾನದ 'ಕವಿರಾಜಮಾರ್ಗ'ವೇ ಹೊಂದದ ಸಂಸ್ಕೃತ-ಕನ್ನಡ ಸಮಾಸ ಕಟ್ಟುವವರನ್ನು ಕುದಿಯುವ ಹಾಲಿಗೆ ಮಜ್ಜಿಗೆ ಹನಿಸುವವರ ಸಾಲಿಗೆ ಸೇರಿಸಿತು. 12ನೇ ಶತಮಾನದ ನಯಸೇನ ಅದೇ ದೂರನ್ನು ತುಪ್ಪ-ಎಣ್ಣೆಯ ಬೆರಕೆಗೆ ತಂದ. ಇಬ್ಬರಿಗೂ ಅಡುಗೆಮನೆಯೇ ನ್ಯಾಯಾಲಯ! ವಿಮರ್ಶಕರನ್ನು ವಿಚಾರಿಸಿಕೊಂಡವನು ರನ್ನ: ತನ್ನ ಕೃತಿಯನ್ನು ಪರೀಕ್ಷಿಸಲು ಬರುವವನಿಗೆ ಎಂಟೆದೆ ಇದೆಯೇ ಎಂದು ಕೇಳಿಯೇಬಿಟ್ಟ. ಕಾವ್ಯದ ಪೀಠಿಕೆಯಲ್ಲಿ ಕುಕವಿನಿಂದೆ ಕ್ರಮೇಣ ಶಾಸ್ತ್ರಕ್ಕೆ ಮಾಡುವ ಕೆಲಸವಾಯಿತು. ಅದರಲ್ಲಿ ಜೀವ ಉಳಿಸಿದವನು ಕುಮಾರವ್ಯಾಸ. ರಾಮಾಯಣ ಬರೆದವರ ಭಾರಕ್ಕೆ ಆದಿಶೇಷನೇ ತಿಣುಕಿದ ಎಂದ. ಏಟು ಎಲ್ಲರಿಗೂ ಬಿತ್ತು, ಹೆಸರು ಮಾತ್ರ ಯಾರದೂ ಇಲ್ಲ.

ಇಂಗ್ಲಿಷಿನವರದು ಬೇರೆಯೇ ವರಸೆ. ಅಲೆಕ್ಸಾಂಡರ್ ಪೋಪ್ 1728ರ 'ಡನ್ಸಿಯಾಡ್'ನಲ್ಲಿ ತನಗಾಗದವರನ್ನು ದಡ್ಡರ ಸಾಮ್ರಾಜ್ಯದ ಪ್ರಜೆಗಳನ್ನಾಗಿ ಮಾಡಿದ. 1743ರ ಆವೃತ್ತಿಯಲ್ಲಿ, ಮೊದಲು ದಡ್ಡರ ದೊರೆಯಾಗಿದ್ದ ಥಿಯೊಬಾಲ್ಡನನ್ನು ಇಳಿಸಿ ಆಸ್ಥಾನಕವಿ ಕಾಲಿ ಸಿಬ್ಬರನನ್ನು ಪಟ್ಟಕ್ಕೇರಿಸಿದ. ಹಳೇ ಬೆಂಗಳೂರಿನಲ್ಲಿ ಹೀಗೆ ಹೆಸರು ಹಿಡಿದು ಬೈಯುವುದು ನಡೆಯುವ ಮಾತಲ್ಲ. ಬೆಳಿಗ್ಗೆ ಬೈಸಿಕೊಂಡ ಕವಿ ಸಂಜೆ ವಿದ್ಯಾರ್ಥಿ ಭವನ ಹೋಟೆಲಿನಲ್ಲಿ ಎದುರು ಕುರ್ಚಿಯಲ್ಲೇ ಸಿಕ್ಕರೆ, ಅಥವಾ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ವೇದಿಕೆಯಲ್ಲಿ ಪಕ್ಕದಲ್ಲೇ ಕೂತರೆ?

ಹಾಗಾಗಿ ಇಲ್ಲಿ ನಗೆಗೆ ಅಣಕವಾಡಿನ ವೇಷ ಒಗ್ಗಿತು. 1942ರಲ್ಲಿ ಡಾ. ಎಂ. ಶಿವರಾಂ, ಅಂದರೆ 'ರಾಶಿ', ಹೊರಡಿಸಿದ 'ಕೊರವಂಜಿ' ಪತ್ರಿಕೆ ಬೆಂಗಳೂರಿನ ಹಾಸ್ಯಕ್ಕೆ ಕಾಲು ಶತಮಾನ ಆಸರೆಯಾಯಿತು. ನಾ. ಕಸ್ತೂರಿ ಅದರ ಬಲಗೈ, ಆರ್.ಕೆ. ಲಕ್ಷ್ಮಣ್ ಅದಕ್ಕೆ ವ್ಯಂಗ್ಯಚಿತ್ರ ಬರೆದರು. ಅಣಕವಾಡಿನಲ್ಲಿ ಮೂಲದ ಧಾಟಿ, ಪ್ರಾಸ ಹಾಗೇ ಇರಬೇಕು, ನಲ್ಲೆ ಇದ್ದ ಜಾಗಕ್ಕೆ ರೇಷನ್ ಅಕ್ಕಿಯೋ ಮನೆ ಮಾಲೀಕನೋ ಬರಬೇಕು. ಮೂಲ ಬಾಯಿಪಾಠವಿಲ್ಲದ ಓದುಗನಿಗೆ ನಗು ಬರುವುದಿಲ್ಲ.

ನನ್ನ ಮಟ್ಟಿಗೆ ಈ ದಾರಿಯಲ್ಲಿ ನಿಂತು ನೋಡಬೇಕಾದದ್ದು ಗೋಪಾಲಕೃಷ್ಣ ಅಡಿಗರ 'ಪುಷ್ಪಕವಿಯ ಪರಾಕು'. ಹೂವು, ಬೆಳದಿಂಗಳಲ್ಲೇ ಮೈಮರೆತ ಕವಿಯ ಗೇಲಿ ಅದು. ಇಲ್ಲೂ ಹೆಸರಿಲ್ಲ, ಆದರೆ ಬಿಸಿ ತಟ್ಟಿದವರಿಗೆ ಗೊತ್ತಾಗದೆ ಇರಲಿಲ್ಲ. ಸ್ವಾರಸ್ಯವೆಂದರೆ 1946ರಲ್ಲಿ ಬಂದ ಅಡಿಗರ ಮೊದಲ ಸಂಕಲನ 'ಭಾವತರಂಗ'ಕ್ಕೆ ಮುನ್ನುಡಿ ಬರೆದವರು ಬೇಂದ್ರೆ; ಅಡಿಗರೂ ಅದೇ ತೋಟದಲ್ಲಿ ಅಡ್ಡಾಡಿ ಬಂದವರೇ. ತಾನೂ ಒಮ್ಮೆ ಹಾಕಿದ್ದ ಬಟ್ಟೆಯನ್ನೇ ಗೇಲಿ ಮಾಡುವುದರಿಂದ ಈ ಏಟಿಗೆ ಪೋಪನ ಪಟ್ಟಿಗಿಲ್ಲದ ಮೊನಚು ಬಂದಿದೆ.

ಆಮೇಲೆ ಪದ್ಯ ಕುಳ್ಳಾಯಿತು. ಅಂಕೋಲೆಯ ಕಡೆಯ ದಿನಕರ ದೇಸಾಯಿ ನಾಲ್ಕೇ ಸಾಲಿನ ಚೌಪದಿಯಲ್ಲಿ ಮಂತ್ರಿಗಳ ಜೊತೆಗೆ ತಮ್ಮನ್ನೂ ಕಟಕಟೆಗೆ ಹತ್ತಿಸಿದರು. ಪತ್ರಕರ್ತ ವೈಎನ್ಕೆ ಲಿಮರಿಕ್ ಆಡಿಸಿದರು. ಬಿ.ಆರ್. ಲಕ್ಷ್ಮಣರಾವ್, ಡುಂಡಿರಾಜ್ ಹನಿಗವನವನ್ನು ಮನೆಮನೆಗೆ ಮುಟ್ಟಿಸಿದರು. ಅವರ ಹಿಂದೆ ಬಂದ ಹಿಂಡಿನಲ್ಲಿ ಶ್ಲೇಷೆಯೇ ವಿಡಂಬನೆಯನ್ನು ನುಂಗಿಹಾಕಿತು ಎಂಬ ತಕರಾರು ನನಗುಂಟು. ಎರಡರ್ಥದ ಪದವೊಂದು ಸಿಕ್ಕರೆ ಸಾಕು, ಚಪ್ಪಾಳೆ ಗ್ಯಾರಂಟಿ. ಚುಚ್ಚಿಸಿಕೊಂಡವರು ಯಾರೂ ಇಲ್ಲ.

'ಕೊರವಂಜಿ'ಯ ಮಗಳೆನಿಸಿದ 'ಅಪರಂಜಿ' 1980ರ ದಶಕದಿಂದ ಹಾಸ್ಯದ ಪರಂಪರೆ ಮುಂದುವರಿಸಿತು, ಎನ್. ರಾಮನಾಥ್ 'ಅಣಕು ರಾಮನಾಥ್' ಎಂದೇ ಹೆಸರಾದರು. ಆದರೆ ಎಲ್ಲರಿಗೂ ಬಾಯಿಪಾಠವಿರುವ ಕವಿತೆಗಳು ಈಗ ಕಡಿಮೆ. ಅಣಕಕ್ಕೆ ಕೂತವರು ಹೆಚ್ಚಾಗಿ ಸಿನಿಮಾ ಹಾಡಿನ ಧಾಟಿಯನ್ನೇ ಹಿಡಿಯುತ್ತಾರೆ, ಕವಿಗಳು ಬಚಾವಾಗಿದ್ದಾರೆ.