ಧರ್ಮ, ದತ್ತಿ ಮತ್ತು ಕಳೆಂಜನ ಪಾಲು: ಸುಳ್ಯ ಪರಿಸರದ ಕೊಡುಗೆಯ ಪದಗಳು

ಕೊಡುಗೆಯನ್ನು ಸೂಚಿಸುವ ‘ದಾನ’, ‘ದತ್ತಿ’ ಎಂಬೆರಡು ಪದಗಳೂ ಸಂಸ್ಕೃತದ ‘ದಾ’ ಧಾತುವಿನಿಂದ ಬಂದವು. ಧಾರೆಯೆರೆದು ಬಿಟ್ಟ ಭೂಮಿಗೆ ದತ್ತಿಯೆಂಬ ಹೆಸರು ಕನ್ನಡ ಶಾಸನಗಳಲ್ಲಿ ರೂಢವಾಗಿದೆ. ಇಂಗ್ಲಿಷಿನ ‘ಚಾರಿಟಿ’ಗೆ ಮೂಲವಾದ ಲ್ಯಾಟಿನ್ನಿನ ‘ಕಾರಿತಾಸ್’ ಪದಕ್ಕೆ ಪ್ರೀತಿಯೆಂಬ ಅರ್ಥದೊಡನೆ ಬೆಲೆಯ ದುಬಾರಿತನವೆಂಬ ಅರ್ಥವೂ ಇತ್ತು. ‘ಧರ್ಮ’ದ ದಾರಿ ಬೇರೆ. ಧರಿಸು, ಎತ್ತಿಹಿಡಿ ಎಂಬರ್ಥದ ‘ಧೃ’ ಧಾತುವಿನಿಂದ ಹುಟ್ಟಿದ ಈ ಪದವು ಜನರ ಬಾಯಲ್ಲಿ ಬಾಗಿಲಿಗೆ ಬಂದವರಿಗೆ ಹಾಕುವ ಹಿಡಿಯಕ್ಕಿಯಾಯಿತು. ಸುಳ್ಯದ ಗಡಿಯಾಚೆಯ ಮಲೆಯಾಳದಲ್ಲಿ ಭಿಕ್ಷುಕನಿಗೇ ‘ಧರ್ಮಕ್ಕಾರನ್’ ಎನ್ನುವುದುಂಟು. ‘ಧರ್ಮಕ್ಕೆ ಸಿಕ್ಕಿದ್ದು’ ಎಂಬ ಕನ್ನಡದ ಮಾತಿನಲ್ಲಂತೂ ಪುಣ್ಯಕ್ಕಿಂತ ತಾತ್ಸಾರವೇ ಹೆಚ್ಚು. ಕಾನೂನಿನ ಭಾಷೆ ಮಾತ್ರ ಹಳೆಯ ಗೌರವವನ್ನು ಉಳಿಸಿಕೊಂಡಿದೆ; ಹಿಂದೂ ಧಾರ್ಮಿಕ ಸಂಸ್ಥೆಗಳನ್ನು ಕುರಿತ 1997ರ ರಾಜ್ಯ ಅಧಿನಿಯಮದ ಹೆಸರಿನಲ್ಲಿ ‘ಧರ್ಮಾದಾಯ ದತ್ತಿ’ಗಳೆಂದು ಎರಡೂ ಪದಗಳು ಒಟ್ಟಿಗೆ ಕುಳಿತಿವೆ.

ಆದರೆ ಈ ಪರಿಸರದ ಎಲ್ಲ ಕೊಡುಗೆಯನ್ನೂ ‘ಧರ್ಮ’ದ ಲೆಕ್ಕಕ್ಕೆ ಸೇರಿಸಲಾಗದು. ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಅವಧಿ, ಹಿಂದೆ ಕಣಜ ಬರಿದಾಗಿ ರೋಗರುಜಿನಗಳು ಹೆಚ್ಚುತ್ತಿದ್ದ ಕಾಲ. ಆಗ ನಲಿಕೆ ಸಮುದಾಯದ ಕಲಾವಿದನು ತೆಂಗಿನ ಎಳೆಗರಿಯ ಉಡುಗೆ ತೊಟ್ಟು, ತಾಳೆಗರಿಯ ಕೊಡೆ ಹಿಡಿದು, ಆಟಿ ಕಳೆಂಜನಾಗಿ ಅಂಗಳಕ್ಕೆ ಬರುತ್ತಾನೆ. ತೆಂಬರೆಯ ಬಡಿತಕ್ಕೆ ಕುಣಿದು ಮನೆಯ, ಊರಿನ ಮಾರಿಯನ್ನು ಕಳೆಯುತ್ತಾನೆ. ಮನೆಯವರು ಅಕ್ಕಿ ಅಥವಾ ಭತ್ತ, ತೆಂಗಿನಕಾಯಿ, ಉಪ್ಪು, ಹುಳಿ, ಮೆಣಸುಗಳ ಜೊತೆಗೆ ಅರಸಿನವನ್ನೂ ಮಸಿತುಂಡನ್ನೂ ಕೊಡುತ್ತಾರೆ. ಹಸಿದವನಿಗೆ ಮಸಿತುಂಡೇಕೆ? ಕೊಟ್ಟ ವಸ್ತುಗಳ ಒಂದು ಭಾಗ ಹೊಟ್ಟೆಗೆ, ಇನ್ನೊಂದು ಭಾಗ ಆಚರಣೆಗೆ ಎಂಬುದನ್ನು ಈ ತುಂಡೇ ಹೇಳುತ್ತದೆ. ಹೀಗಿರುವಾಗ ಕಳೆಂಜನು ಪಡೆದುದನ್ನು ಭಿಕ್ಷೆಯೆಂದು ಬರೆಯುವ ವಿವರಣೆಗಳು ಒಪ್ಪತಕ್ಕವಲ್ಲ. ಅದು ಮಾಡಿದ ಕಾರ್ಯಕ್ಕೆ ಸಂದ ಪಾಲು. ಕೊಡುವವನು ಒಕ್ಕಲು, ಪಡೆಯುವವನು ಬಹುಮಟ್ಟಿಗೆ ಭೂಹೀನ ಎಂಬ ಅಸಮತೆ ಇದರಿಂದ ಅಳಿಯದು, ನಿಜ. ಆದರೆ ‘ಭಿಕ್ಷೆ’ ಎಂಬ ಪದ ಆ ಅಸಮತೆಯನ್ನು ವಿವರಿಸುವುದಿಲ್ಲ. ಅದಕ್ಕೆ ಅವಮಾನವನ್ನು ಸೇರಿಸುತ್ತದೆ.

ಇದೇ ನೆಲದ ಮುಸ್ಲಿಮರು ಕಡ್ಡಾಯ ಕೊಡುಗೆಯಾದ ‘ಜಕಾತ್’ ಅನ್ನು ಸ್ವಇಚ್ಛೆಯ ‘ಸದಖ’ದಿಂದ ಬೇರ್ಪಡಿಸುತ್ತಾರೆ, ಜಕಾತ್ ಉಳ್ಳವನ ಸಂಪತ್ತಿನಲ್ಲಿ ಬಡವನಿಗಿರುವ ಹಕ್ಕು. ತುಳುವ ಅಂಗಳದಲ್ಲಿ ಇಂಥ ಭೇದವನ್ನು ಪದಕ್ಕಿಂತ ಹೆಚ್ಚಾಗಿ ಆಚರಣೆಯೇ ಕಾದುಕೊಂಡಿದೆ. ಈಗ ಆಟಿಯ ಕೂಟಗಳ ವೇದಿಕೆಯ ಮೇಲೂ ಕಳೆಂಜ ಕುಣಿಯುತ್ತಾನೆ. ಅಲ್ಲಿ ಅವನಿಗೆ ಸಲ್ಲುವುದು ಸಂಭಾವನೆ.